ಹಿರಿಯರ ಹಬ್ಬಕ್ಕೆ ಸ್ಪ್ಯಾನಿಷ್ ಹೆಸರು

ಭದ್ರಾವತಿ,
೨೪ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಹಾಲೇಶಣ್ಣಾ,

ಹೇಗಿದ್ದೀಯ? ಫರ್ನೇಸಿನ ಮುಂದೆ ನಿಂತು ಕಣ್ಣುರಿ ಎನ್ನುತ್ತಿದ್ದೆಯಲ್ಲ, ಮೆಕ್ಸಿಕೋದ ಡಾಕ್ಟರಿಗೆ ತೋರಿಸಿದೆಯಾ? ಇಲ್ಲಿ ಅಮ್ಮನ ಮಂಡಿನೋವು ಇದ್ದದ್ದೇ, ಉಳಿದಂತೆ ಇಬ್ಬರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ರಜೆಯ ಮಾತೆತ್ತಿದರೆ ನೀನು ಅರ್ಧದಲ್ಲೇ ರೇಗಿ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಕೊನೆಯವರೆಗೂ ಓದು.

ನಿನ್ನ ರಜೆ ಅರ್ಜಿ ಯಾಕೆ ವಾಪಸ್ ಬಂತೆಂದು ಗೊತ್ತಾಯಿತು. ನಿನ್ನೆ ಶಿವಮೊಗ್ಗಕ್ಕೆ ಹೋಗಿ, ರವೀಂದ್ರನಗರದಲ್ಲಿ ಸ್ಪ್ಯಾನಿಷ್ ಪಾಠ ಹೇಳುವ ಸುಷ್ಮಾ ಮೇಡಂಗೆ ನೀನು ಕಳಿಸಿದ್ದ ಅದರ ಫೋಟೋ ತೋರಿಸಿದೆ. ಓದಿದವರು ನಗು ತಡೆಯಲಾರದೆ ‘ಸಾರಿ ಕಣಮ್ಮ’ ಎಂದರು. ನೀನು ಅನುವಾದಕ್ಕೆಂದು ಮೊಬೈಲಿಗೆ ಹಿರಿಯರ ಹಬ್ಬ ಎಂದು ಕೊಟ್ಟಿದ್ದೀಯ, ಅದು ‘ಫಿಯೆಸ್ತಾ ದೆ ಲೋಸ್ ಅನ್ಸಿಯಾನೋಸ್’ ಎಂದು ಮಾಡಿಕೊಟ್ಟಿದೆ. ಅಂದರೆ ಮುದುಕರ ಪಾರ್ಟಿ! ಮುದುಕರ ಪಾರ್ಟಿಗೆ ಹದಿನೈದು ದಿನ ರಜೆಯನ್ನು ಯಾವ ಮ್ಯಾನೇಜರ್ ಕೊಡುತ್ತಾನೆ ಮಾರಾಯ?

ಮೇಡಂ ಪ್ರಕಾರ ಎಲ್ಲ ಹಬ್ಬದ ಹೆಸರನ್ನೂ ಪದಕ್ಕೆ ಪದ ಇಟ್ಟು ಹೇಳಲಾಗುವುದಿಲ್ಲ. ಹೊಸ ವರ್ಷವೇನೋ ಅಲ್ಲೂ ‘ಆನ್ಯೋ ನ್ವೇವೋ’, ಅಂದರೆ ಹೊಸ ವರ್ಷವೇ. ಆದರೆ ಕ್ರಿಸ್‌ಮಸ್ಸಿಗೆ ‘ನಾವಿದಾದ್’. ಅದರಲ್ಲಿ ಕ್ರಿಸ್ತನ ಹೆಸರೇ ಇಲ್ಲ, ಹುಟ್ಟು ಎಂದಷ್ಟೇ. ‘ಹೆಸರು ಬಿಡು, ಆವತ್ತು ಮನೇಲಿ ಏನ್ ಮಾಡ್ತೀರ ಹೇಳು’ ಎಂದರು. ತೀರಿಕೊಂಡವರ ಫೋಟೋ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಗೆ ಬಡಿಸಿ ಎಡೆ ಇಡುತ್ತೇವೆ, ಅಪ್ಪನಿಗಾದರೆ ಕೋಳಿಸಾರು, ಕಡುಬು, ಒಂದು ಕಟ್ಟು ಬೀಡಿ ಎಂದೆ. ಮೇಡಂ ಮೇಜು ಕುಟ್ಟಿ, ‘ಇದನ್ನೇ ಮೆಕ್ಸಿಕೋದವರೂ ಮಾಡ್ತಾರಲ್ಲ ಮಾರಾಯ್ತಿ, ನವೆಂಬರಲ್ಲಿ!’ ಎಂದರು. ಅವರೂ ಫೋಟೋ, ಊಟ, ಸಿಗರೇಟು ಎಲ್ಲ ಇಡುತ್ತಾರಂತೆ. ಅದರ ಹೆಸರು ‘ದಿಯಾ ದೆ ಮುವೆರ್ತೋಸ್’. ಸತ್ತವರ ದಿನ. ನಮ್ಮ ಮನೆಯ ದಿಯಾ ದೆ ಮುವೆರ್ತೋಸ್ ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ ಎಂದು ಒಂದು ಸಾಲು ಬರೆದರೆ ಸಾಕಂತೆ, ನಿನ್ನ ಮ್ಯಾನೇಜರಿಗೆ ಬೇರೆ ವಿವರಣೆಯೇ ಬೇಡ.

ಖುಷಿಯಿಂದ ಮನೆಗೆ ಬಂದು ಹೇಳಿದರೆ ಅಮ್ಮ ಮುಖ ತಿರುಗಿಸಿದಳು. ‘ಹಿರಿಯರನ್ನ ಸತ್ತೋರು ಅಂತ ಬರೀತಾರೇನೇ? ಬಾಯಲ್ಲಿ ಆಡೋ ಮಾತಾ ಅದು?’ ಎಂದಳು. ಪೂರ್ವಿಕರು ಎನ್ನುವುದಕ್ಕೂ ಆ ಭಾಷೆಯಲ್ಲಿ ಪದವಿದೆಯಂತೆ, ಆದರೆ ಅದನ್ನು ಹಾಕಿದರೆ ಮ್ಯಾನೇಜರಿಗೆ ಮತ್ತೆ ತಲೆಬುಡ ತಿಳಿಯದು. ನಿನಗೆ ಗೊತ್ತಲ್ಲ, ಹೋದ ವರ್ಷ ಜುಲೈಯಿಂದ ಅಮ್ಮ ಅಪ್ಪನ ವಿಷಯದಲ್ಲಿ ಆ ಮಾತು ಆಡಿದವಳೇ ಅಲ್ಲ. ‘ಹೋದರು’ ಎನ್ನುತ್ತಾಳೆ, ಫ್ಯಾಕ್ಟರಿಗೆ ಡ್ಯೂಟಿಗೆ ಹೋದವರ ಹಾಗೆ. ವರ್ಷದ ತಿಥಿಗೂ ನಿನಗೆ ಬರಲಾಗಲಿಲ್ಲ. ವರ್ಷ ತುಂಬಿದ ಮೇಲೆ ಅಪ್ಪ ಹಿರಿಯರ ಸಾಲಿಗೆ ಸೇರುವುದು ಈ ಮಹಾಲಯ ಅಮಾವಾಸ್ಯೆಗೆ. ನೀನಿಲ್ಲದೆ ಆ ಎಡೆಯನ್ನು ಯಾರ ಕೈಲಿ ಇಡಿಸುವುದು ಎಂಬುದೇ ಅವಳ ಚಿಂತೆ. ಆದರೂ ಆ ಪದ ಬೇಡವಂತೆ. ನಿನ್ನೆಯಿಂದ ನನ್ನೊಂದಿಗೆ ಮಾತಿಲ್ಲ. ಯಾವ ಹೆಸರು ಬರೆಯುವುದೆಂದು ನೀನೇ ತೀರ್ಮಾನಿಸು.

ಕಣ್ಣು ಜೋಪಾನ. ಅಮ್ಮನ ಆಶೀರ್ವಾದ ಇದ್ದೇ ಇದೆ, ಇವತ್ತು ಬಾಯಿಬಿಟ್ಟು ಹೇಳಿಲ್ಲ ಅಷ್ಟೆ.

ನಿನ್ನ ತಂಗಿ,
ಮಧುಶ್ರೀ

ತಾ.ಕ.: ಇದರ ಫೋಟೋ ತೆಗೆಯಲು ಹೊರಟಾಗ ಅಮ್ಮ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕೂತಳು. ‘ಸತ್ತೋರು ಅಂತಲೇ ಬರೀಲಿ ಬಿಡು. ನಿಮ್ಮಪ್ಪ ಸತ್ತಿರೋದು ನಿಜ ತಾನೇ. ಮಗ ಬಂದು ಎಡೆ ಇಡಲಿ’ ಎಂದಳು. ಅಣ್ಣಾ, ಅರ್ಜಿ ಇವತ್ತೇ ಹಾಕು.