ಹೆಬ್ಬೆಟ್ಟಲ್ಲ, ರುಜು

ಕಾಣಿಯೂರು

ಪಿಂಚಣಿ ಕಚೇರಿಯ ಸಾಹೇಬರಿಗೆ ಆಸ್ಯಮ್ಮನ ಸಲಾಂ.

ನಾನು ಬದುಕಿದ್ದೇನೆಂದು ತೋರಿಸಲು ನಿನ್ನೆ ನಿಮ್ಮಲ್ಲಿಗೆ ಬಂದಿದ್ದೆ. ನಾಲ್ಕು ಸಲ ಒತ್ತಿದರೂ ಯಂತ್ರ ನನ್ನ ಹೆಬ್ಬೆಟ್ಟನ್ನು ಗುರುತಿಸಲಿಲ್ಲ. "ಎಂತ ಮಾಡುದು ಅಜ್ಜಿ, ನಿಮ್ಮ ಬೆರಳಲ್ಲಿ ಗೆರೆಯೇ ಇಲ್ಲ" ಎಂದಿರಿ. ಹೇಗೆ ಇರುತ್ತದೆ? ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳದು.

ರುಜು ಹಾಕುತ್ತೇನೆ ಎಂದರೆ ನಕ್ಕಿರಿ. ಅದಕ್ಕೇ ಈ ಪತ್ರ. ಮೊಮ್ಮಗಳು ಶಮೀನಾ ಬರೆದುಕೊಡುತ್ತೇನೆಂದಳು, ನಾನು ಬಿಡಲಿಲ್ಲ.

ತೊಂಬತ್ತನೇ ಇಸವಿಯಲ್ಲಿ ಜಿಲ್ಲೆಗೆಲ್ಲ ಅಕ್ಷರ ಕಲಿಸುವ ಆಂದೋಲನ ಬಂದಾಗ ವಸುಮತಿ ಟೀಚರು ನಮ್ಮ ಜಗಲಿಗೆ ಬರುತ್ತಿದ್ದರು. ಬೀಡಿ ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ನನ್ನ ಮಡಿಲಲ್ಲಿದ್ದ ತಡ್ಪೆ ಮೊರದ ಹೊಗೆಸೊಪ್ಪಿನ ಪುಡಿಯ ಮೇಲೆಯೇ ಅವರು ಅಕ್ಷರ ತಿದ್ದಿಸಿದರು. ಒಂದೊಂದು ಅಕ್ಷರಕ್ಕೂ ಒಂದು ಸೀನು. "ಇನ್ನು ಎಲ್ಲಿಯೂ ಹೆಬ್ಬೆಟ್ಟು ಒತ್ತುದು ಬೇಡ, ಆಯ್ತಾ ಆಸ್ಯಮ್ಮ" ಎಂದಿದ್ದರು. ಮುಂದೆ ನಮ್ಮದು ಅಕ್ಷರ ಕಲಿತ ಜಿಲ್ಲೆ ಎಂದು ಸಾರಿದಾಗ ಆ ಎಣಿಕೆಯಲ್ಲಿ ನಾನೂ ಇದ್ದೆ.

ಟೀಚರ ಮಾತನ್ನು ನಿನ್ನೆ ಮೊದಲ ಸಲ ಮೀರಿದೆ, ಯಂತ್ರವೇ ಬೇಡವೆಂದಿತು. ಆದ್ದರಿಂದ ಕೆಳಗಿನ ರುಜುವನ್ನು ದಯವಿಟ್ಟು ಸ್ವೀಕರಿಸಿ. ಹುಟ್ಟುವಾಗ ತಂದ ಗೆರೆ ಸವೆದುಹೋಗಿದೆ. ಇದು ನಾನು ಕಲಿತು ಸಂಪಾದಿಸಿದ ಗೆರೆ.

ಇಂತು, ಬದುಕಿರುವ
ಆಸ್ಯಮ್ಮ