ಕ್ಯಾರಿಯರ್ ನಂಬರ್ 412ರ ಬಿಡುಗಡೆ ಕೋರಿ

ಮಾನ್ಯರೇ,

ಹಾಗಾದರೆ ನಿನ್ನೆ ಫೋನಿನಲ್ಲಿ ತಾವು ಹೇಳಿದ್ದು ಇಷ್ಟೇ: ದಾನಿಯ ಸಹಿ ಇಲ್ಲದೆ ನನ್ನ ಊಟದ ಕ್ಯಾರಿಯರ್ ವಾಪಸ್ಸು ಕೊಡಲಾಗದು. ದಾನಿ ಎಂದರೆ ನನ್ನ ಹೆಂಡತಿ ತಿಪ್ಪಮ್ಮ, ಆಕೆ ತೀರಿಕೊಂಡು ಮೂರು ವರ್ಷವಾಯಿತು ಎಂದೆ. ‘ಬರಲು ಆಗದಿದ್ದರೆ ಅಂಚೆಯಲ್ಲಿ ಕಳುಹಿಸಲಿ’ ಎಂದು ತಾವು ಫೋನ್ ಇಟ್ಟಿರಿ. ಉಳಿದ ಮಾತನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರೇ ಆಡುತ್ತೇನೆ.

ಮ್ಯೂಸಿಯಂ ಸಿಬ್ಬಂದಿಗೆ ತರಬೇತಿ ಕೊಡುವ ವಿಭಾಗದ ಮುಖ್ಯಸ್ಥರು ತಾವು. ಹರಿಹರದ ನಮ್ಮ ಪುಟ್ಟ ಮ್ಯೂಸಿಯಂನ ಅಟೆಂಡರ್ ಗುತ್ತೆಪ್ಪನನ್ನು ದಾವಣಗೆರೆಗೆ ಕರೆಸಿ ಮೂರು ದಿನ ‘ಬೆಸ್ಟ್ ಪ್ರಾಕ್ಟೀಸಸ್’ ಕಲಿಸಿದಿರಿ. ಗುಡ್, ಬೆಟರ್ ಆದಮೇಲೆ ಬೆಸ್ಟ್ ಎಂದು ಕಾಲೇಜಿನಲ್ಲಿ ಓದಿದ ನೆನಪು. ತಾವು ಮೊದಲೆರಡನ್ನು ಹಾರಿಸಿದಂತಿದೆ. ಸಂಜೆಯಾದ ಮೇಲೆ ಹಾಲ್‌ನಲ್ಲಿ ನಂಬರಿಲ್ಲದ ವಸ್ತು ಇರಕೂಡದು, ವಸ್ತುವಿನ ಮೇಲೆ ಹೆಸರಿದ್ದರೆ ಅದೇ ದಾನಿಯ ಹೆಸರು. ಇದು ತಮ್ಮ ಪಾಠ. ಗುತ್ತೆಪ್ಪ ಶ್ರದ್ಧಾವಂತ. ಪ್ರತಿ ಶನಿವಾರ ಅವನ ಜೊತೆ ಉಣ್ಣಲು ನಾನು ಬುತ್ತಿ ಒಯ್ಯುತ್ತೇನೆ. ಕಳೆದ ತಿಂಗಳು ಕ್ಯಾರಿಯರನ್ನು ಅಲ್ಲೇ ಮರೆತು ಬಂದೆ. ಮರುದಿನ ಹೋಗುವಷ್ಟರಲ್ಲಿ ಅದು ವೀರಗಲ್ಲಿನ ಪಕ್ಕದ ಗಾಜಿನ ಪೆಟ್ಟಿಗೆಯೊಳಗಿತ್ತು. ‘ನಂ. 412. ಮೂರಂತಸ್ತಿನ ಪಾತ್ರೆ. ದಾನಿ: ತಿಪ್ಪಮ್ಮ, ಕೆ.ಬಿ. ಬಡಾವಣೆ. ಬಳಕೆ: ತಿಳಿದಿಲ್ಲ.’ ತಳದ ಡಬ್ಬಿಯಲ್ಲಿ ಉಳಿದಿದ್ದ ಶೇಂಗಾ ಚಟ್ನಿಗೆ ಬೇರೆ ನಂಬರ್. ಅದು ಸಾವಯವ ಅವಶೇಷವಂತೆ.

“ಗುತ್ತೆಪ್ಪಾ, ಇದು ನಮ್ದಲ್ಲೇನೋ?”

“ನಂಗ್ ಗೊತ್ತೈತ್ರಿ ಅಣ್ಣಾರೆ. ಹತ್ತು ವರ್ಷ ಇದ್ರಾಗಿನ ರೊಟ್ಟಿ ತಿಂದೀನಿ. ರಿಜಿಸ್ಟರಿಗೆ ಗೊತ್ತಿಲ್ವಲ್ರಿ!”

ಕೈ ಚಾಚಿದೆ. ಬಿಳಿ ಗ್ಲೌಸು ತೊಟ್ಟ ಕೈ ಅಡ್ಡ ಬಂತು. “ಮುಟ್‌ಬ್ಯಾಡ್ರಿ, ಕೈಜಿಡ್ಡು ಹತ್ತತೈತೆ.”

“ನಿನ್ನೆ ಬೆರಳು ನೆಕ್ಕಂಡು ಚಟ್ನಿ ತಿನ್ನುವಾಗ ಹತ್ಲಿಲ್ಲೇನೋ?”

“ನಿನ್ನೆ ಅದಕ್ಕೆ ನಂಬರ್ ಇರ್ಲಿಲ್ರಿ.”

ಪೆಟ್ಟಿಗೆಯ ಮೇಲಿನ ಚೀಟಿಯನ್ನು ಇನ್ನೊಮ್ಮೆ ಓದಿದೆ.

ಬಳಕೆ ತಿಳಿದಿಲ್ಲವೇ? ಬರೆದುಕೊಳ್ಳಿ. ನಾನು ಹರಿಹರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದಾಗ ತಿಪ್ಪಮ್ಮ ದಾವಣಗೆರೆಯಿಂದ ದಿನಾ ಹನ್ನೊಂದೂವರೆ ಬಸ್ಸಿನ ಕಂಡಕ್ಟರ್ ಕೈಗೆ ಇದನ್ನು ಕೊಡುತ್ತಿದ್ದಳು. ಊಟವಾದ ಮೇಲೆ ಖಾಲಿ ಕ್ಯಾರಿಯರ್ ಇನ್ನೊಂದು ಬಸ್ಸಿನಲ್ಲಿ ಮನೆಗೆ ಮರಳುತ್ತಿತ್ತು. ಒಮ್ಮೆ ಅದು ಯಾರದೋ ಮನೆ ಸೇರಿದಾಗ, ಹುಡುಕಿ ತಂದು, ಪಾತ್ರೆ ಅಂಗಡಿಯಲ್ಲಿ ಹೆಸರು, ಬಡಾವಣೆ ಎರಡನ್ನೂ ಹೊಡೆಸಿಕೊಂಡು ಬಂದಳು. “ಹೆಸ್ರಿದ್ರೆ ಎಲ್ಲಿಗ್ ಹೋದ್ರೂ ಮನೀಗ್ ಬರ್ತೈತೆ ಬಿಡ್ರಿ” ಎಂದಳು. ಇಪ್ಪತ್ತಾರು ವರ್ಷ, ತಮ್ಮಿಂದ ಯಾವ ಸರ್ಟಿಫಿಕೇಟೂ ಪಡೆಯದ ಕಂಡಕ್ಟರುಗಳು ಅದನ್ನು ಓದಿ ಮನೆ ಮುಟ್ಟಿಸಿದರು. ಹೆಸರಿದೆ ಎಂಬ ಕಾರಣಕ್ಕೇ ಅದನ್ನು ಹಿಡಿದಿಟ್ಟುಕೊಂಡವರು ತಾವೊಬ್ಬರೇ.

ಆದ್ದರಿಂದ, ವ್ಹೇರ್‌ಆಸ್ ಮತ್ತು ನಾಟ್‌ವಿತ್‌ಸ್ಟ್ಯಾಂಡಿಂಗ್ (ಅರ್ಥ ಮರೆತಿದೆ, ತೂಕ ನೆನಪಿದೆ), ಮುಂದಿನ ತರಬೇತಿಗೆ ಒಬ್ಬ ನಿವೃತ್ತ ಕಂಡಕ್ಟರನ್ನು ಉಪನ್ಯಾಸಕ್ಕೆ ಕರೆಯಿರಿ. ಐದು ನಿಮಿಷ ಸಾಕು. ಅದಕ್ಕೂ ಮೊದಲು 412ನ್ನು ಬಿಟ್ಟುಕೊಡಿ. ಬೇಕಾದರೆ ಚಟ್ನಿಯನ್ನು ಇಟ್ಟುಕೊಳ್ಳಿ. ಅದನ್ನು ಕುಟ್ಟಿದವನು ನಾನು, ಸಹಿ ಹಾಕಿಕೊಡುತ್ತೇನೆ.

ಪೆಟ್ಟಿಗೆಯ ಎದುರಿನ ಬೆಂಚಿನಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ. ನಡುವಿನ ಡಬ್ಬಿಯಲ್ಲಿ ಆಕೆ ಏನು ಕಳಿಸುತ್ತಿದ್ದಳು ಎಂಬುದನ್ನೂ ಹೇಳಬೇಕಿತ್ತು, ಆದರೆ ಬೆಳಕು ಹೋಗುತ್ತಿದೆ. ಇಲ್ಲಿಂದ ಹೆಸರು ಓದಲಾಗುತ್ತಿಲ್ಲ.

ಇಂತಿ,
ಇಂದೂ ಬರಿಗೈಯಲ್ಲಿ ಬಸ್ಸಿಗೆ ಹೊರಟ
ಕೆಂಚವೀರಪ್ಪ
ದಾವಣಗೆರೆ