ಹುಣಸೆ ತೋಪಿನಲ್ಲಿ ಕೂತಿದ್ದವಳಿಗೆ

ರಾಯದುರ್ಗ
20 ಏಪ್ರಿಲ್ 2025, ಭಾನುವಾರ

ಸುಜಿಗೆ, ನಿನ್ನ ಅಕ್ಕನ ಆಶೀರ್ವಾದಗಳು. ಮೋಕ್ಷಿತಾಗೆ ಎರಡು ಕೆನ್ನೆಗೂ ಒಂದೊಂದು ಮುತ್ತು.

ದಿನಕ್ಕೆರಡು ಸಲ ಫೋನಿನಲ್ಲಿ ಹರಟುವ ಅಕ್ಕ ಇದ್ದಕ್ಕಿದ್ದಂತೆ ಕಾಗದ ಬರೆದಿದ್ದಾಳಲ್ಲ, ತಲೆಗೇನಾದರೂ ಆಯಿತೇ ಅಂದುಕೊಳ್ಳಬೇಡ. ಈ ಮಾತನ್ನು ಫೋನಿನಲ್ಲಿ ಮೂರು ಸಲ ಎತ್ತಿದೆ. ಮೂರು ಸಲವೂ ನೀನು ನಕ್ಕೆ, ನಾನೂ ನಕ್ಕೆ, ಕೊನೆಗೆ ಇವತ್ತು ಏನು ಸಾರು ಎಂಬಲ್ಲಿಗೆ ಬಂದು ನಿಂತೆವು. ಅದಕ್ಕೇ ಇವತ್ತು ಮಿಷನ್ನುಗಳಿಗೆಲ್ಲ ರಜೆ ಕೊಟ್ಟು, ಕಟಿಂಗ್ ಟೇಬಲ್ ಮೇಲಿನ ಜೀನ್ಸ್ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ ಬರೆಯಲು ಕೂತಿದ್ದೇನೆ. ನಿನ್ನ ಭಾವ ಜಗದೀಶ್ ಒಮ್ಮೆ ಇಣುಕಿ, ಈ ವಯಸ್ಸಿನಲ್ಲಿ ಯಾರಿಗೆ ಪ್ರೇಮಪತ್ರ ಅಂತ ಕೇಳಿ ಹೋದರು.

ವಿಷಯ ಮೋಕ್ಷಿತಾಳದು. ಮೇ ತಿಂಗಳಲ್ಲಿ ಮಕ್ಕಳನ್ನೆಲ್ಲ ಗಾಡಿಯಲ್ಲಿ ತುಂಬಿಕೊಂಡು ಗೋಕರ್ಣದವರೆಗೆ ಹೋಗಿ ಸಮುದ್ರ ತೋರಿಸುತ್ತೇವೆ, ಮೊದಲು ಮಡಕಶಿರಾಕ್ಕೆ ಬಂದು ನಿನ್ನ ಮಗಳನ್ನೂ ಹತ್ತಿಸಿಕೊಳ್ಳುತ್ತೇವೆ ಅಂದಾಗ ನೀನು ಏನು ಹೇಳಿದೆ? ಅವಳೊಬ್ಬಳು ಬೇಡ ಅಕ್ಕ, ನನ್ನ ಹಾಗೇ ಅವಳಿಗೂ ಕಾಲಿಗೆ ಚಕ್ರ, ಇಳಿಸಿದ ಕಡೆ ಕಾಣೆಯಾಗುತ್ತಾಳೆ ಅಂದೆ. ಅಷ್ಟೇ ಆಗಿದ್ದರೆ ಜಗಳಾಡಿ ಒಪ್ಪಿಸುತ್ತಿದ್ದೆ. ಆದರೆ ಮೊನ್ನೆ ನೀನು ಸ್ನಾನಕ್ಕೆ ಹೋಗಿದ್ದಾಗ ಮಗು ಫೋನ್ ಎತ್ತಿತು. ಸ್ಕೂಲು ಬಿಟ್ಟ ಮೇಲೆ ಗೆಳತಿಯ ಮನೆ ಮುಂದೆ ನಾಯಿಮರಿ ನೋಡುತ್ತ ನಿಂತಿದ್ದಕ್ಕೆ ನೀನು ಹೊಡೆದೆಯಂತೆ. ಹೊಡೆದು, ನನ್ನ ಕಾಲೇ ನಿನಗೂ ಬಂದಿದೆ ಅಂತ ನೀನೇ ಅತ್ತೆಯಂತೆ. ಅಷ್ಟು ಹೇಳಿ ಅದು ಸಣ್ಣ ದನಿಯಲ್ಲಿ ಕೇಳಿತು: "ದೊಡ್ಡಮ್ಮ, ನನ್ ಕಾಲಿಗೆ ಏನಾಗೈತೆ?"

ನನಗೆ ಉತ್ತರ ಗೊತ್ತಿತ್ತು ಸುಜಿ. ಮೂವತ್ತಮೂರು ವರ್ಷದಿಂದ ಗೊತ್ತಿದೆ. ಹೇಳಲಾರದೆ ಫೋನ್ ಇಟ್ಟುಬಿಟ್ಟೆ.

ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿಕೊಂಡು ಬರುತ್ತೇನೆ, ಬೈಯಬೇಡ. ನಮ್ಮ ಬೇಸಿಗೆ ರಜೆ ನೆನಪಿದೆಯಲ್ಲ? ಪರೀಕ್ಷೆ ಮುಗಿದ ಮಾರನೆಯ ದಿನವೇ ಅಮ್ಮ ಹಪ್ಪಳ ಸಂಡಿಗೆಯ ನೆಪ ಹೇಳಿ ಬಸ್ಸು ಹತ್ತಿ ಮಡಕಶಿರಾದ ಆಚೆಯ ಗುಡಿಬಂಡೆಯ ತವರಿಗೆ ಓಡುತ್ತಿದ್ದಳು. ಕೈಲಿದ್ದ ಹೊಲಿಗೆ ಮುಗಿಸಿ ವಾರದ ಮೇಲೆ ಅಪ್ಪ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದ, ಅದೂ ಹೊಲಿಗೆ ಕೊಡುವ ಸಾಹುಕಾರರ ಮೆಟಡಾರಿನಲ್ಲಿ. ವರ್ಷವಿಡೀ ಪ್ಯಾಂಟು ಹೊತ್ತು ಬಳ್ಳಾರಿಗೆ ಓಡಾಡಿದ ಗಾಡಿ ಅದು. ಹಿಂಭಾಗದಲ್ಲಿ ಸೀಟು ಗೀಟು ಏನೂ ಇಲ್ಲ. ಚೂರು ಬಟ್ಟೆಯ ಮೂಟೆಗಳನ್ನು ಹಾಸಿ, ಮೇಲೆ ತಾಡಪಾಲು ಹೊದಿಸಿ, ಹಿಂದುಗಡೆ ಅದನ್ನು ಇಳಿಬಿಟ್ಟು ಹೊರಗಿನಿಂದ ಹಗ್ಗ ಕಟ್ಟಿದರೆ ಮುಗಿಯಿತು, ನಮಗೆ ಅದೇ ಅರಮನೆ. ನಾನು, ಮಾರೇಶ, ನೀನು, ಚಿಕ್ಕಪ್ಪನ ಹುಡುಗರಿಬ್ಬರು, ಒಟ್ಟು ಐದು ಜನ.

ಬೆಳಕು ಹರಿಯುವಾಗ ಬಿಟ್ಟರೆ ಕಲ್ಯಾಣದುರ್ಗದಲ್ಲಿ ಮಂಡಕ್ಕಿ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ. ನೀನು ಖಾರಕ್ಕೆ ಮೂಗು ಸುರಿಸುತ್ತ ಇನ್ನೊಂದು ಬಜ್ಜಿ ಕೇಳುತ್ತಿದ್ದೆ. ಅಲ್ಲಿಂದ ಮುಂದೆ ಆಂಧ್ರ, ಕರ್ನಾಟಕದ ಗಡಿ ದಾಟುವಾಗ ಬೋರ್ಡಿನ ಆಟ. ತೆಲುಗು ಬೋರ್ಡು ಹೋಗಿ ಕನ್ನಡ ಬೋರ್ಡು ಬಂತು ಅಂತ ಮೊದಲು ಕೂಗಿದವರಿಗೆ ಒಂದು ಪೆಪ್ಪರಮೆಂಟು. ಪಾವಗಡ ದಾಟಿದ ಮೇಲೆ ಮತ್ತೆ ತೆಲುಗು ಬಂದಾಗ ಇನ್ನೊಂದು. ಜನ ಎರಡೂ ಕಡೆ ಒಂದೇ ಥರ ಮಾತಾಡುವಾಗ ಬೋರ್ಡು ಯಾಕೆ ಬೇರೆ ಅಂತ ಮಾರೇಶ ಪ್ರತಿ ವರ್ಷ ಕೇಳುತ್ತಿದ್ದ, ಅಪ್ಪ ಪ್ರತಿ ವರ್ಷ ಒಂದೊಂದು ಹೊಸ ಸುಳ್ಳು ಹೇಳುತ್ತಿದ್ದ. ಓದಲು ಬಾರದ ನೀನು ಕಂಡ ಕಂಡ ಬೋರ್ಡಿಗೆಲ್ಲ ಕೂಗಿ ಒಂದಾದರೂ ಪೆಪ್ಪರಮೆಂಟು ಗಿಟ್ಟಿಸಿಕೊಳ್ಳುತ್ತಿದ್ದೆ.

ಬೆವರಿಗೆ ಮೂಟೆಯ ಬಣ್ಣ ಬಿಟ್ಟು ಗುಡಿಬಂಡೆ ಸೇರುವಷ್ಟರಲ್ಲಿ ನಮ್ಮ ಕೈಕಾಲು, ಕೆನ್ನೆ ಎಲ್ಲ ನೀಲಿ. ಮಾವನ ಹೆಂಡತಿ ತಿಪ್ಪಮ್ಮತ್ತೆ ಬಾಗಿಲಲ್ಲೇ ತಡೆದು, "ರಾಯದುರ್ಗದಿಂದ ಮಕ್ಳು ಬಂದ್ವೋ ಬಟ್ಟೆ ಗಂಟು ಬಂತೋ" ಅಂತ ಬೋರಿನ ತೊಟ್ಟಿಗೆ ಇಳಿಸಿ ಚರ್ಮ ಕಿತ್ತುಬರುವಂತೆ ತಿಕ್ಕುತ್ತಿದ್ದರು. ತಿಕ್ಕಿಸಿಕೊಂಡು ಮಾವನ ಹಿಪ್ಪುನೇರಳೆ ತೋಟಕ್ಕೆ ನುಗ್ಗಿದರೆ ಹಣ್ಣು ತಿಂದು ಸಂಜೆಗೆ ನಾಲಿಗೆಗೂ ಬಣ್ಣ. ಎಷ್ಟು ಸುಖವಾಗಿದ್ದೆವು ನಾವು. ಈಗಿನ ಮಕ್ಕಳಿಗೆ ಎ.ಸಿ. ಗಾಡಿ ಇದೆ, ಮೊಬೈಲಿದೆ, ಆ ಸುಖ ಇಲ್ಲ ಅಂತ ನಾನು ಹೇಳಿದರೆ ನನ್ನ ಮಗ, ಅಮ್ಮಾ ನೀನು ಮುದುಕಿಯಾದೆ ಅನ್ನುತ್ತಾನೆ. ಆಗಲಿ ಬಿಡು.

ಈಗ ಎರಡು ಸಂಗತಿ ಹೇಳಬೇಕು. ಒಂದು, ಅಪ್ಪನ ಪಕ್ಕದ ಮುಂದಿನ ಸೀಟು. ಗಾಡಿ ನಿಂತಾಗಲೆಲ್ಲ ಅದರ ಪಾಳಿ ಬದಲಾಗುತ್ತಿತ್ತು. ಕೊನೆಯ ಪಾಳಿ ಸಿಕ್ಕವರದು ಅದೃಷ್ಟ, ಯಾಕೆಂದರೆ ಮಾವನ ಮನೆಯ ಮುಂದೆ ಊರ ಮಕ್ಕಳೆಲ್ಲ ನೋಡುತ್ತಿರುವಾಗ ಮುಂದಿನ ಬಾಗಿಲಿನಿಂದ ಇಳಿಯಬಹುದು. ಇನ್ನೊಂದು, ಗಂಟಿನ ಲೆಕ್ಕ. ನೀನು ಮರೆತಿರಬಹುದು, ನಮ್ಮ ಕಸುಬಿನಲ್ಲಿ ಪ್ಯಾಂಟಿನ ಬಂಡಲ್ಲಿಗೆ ಗಂಟು ಹಾಕಿದವರು ಎಷ್ಟು ಪೀಸು ಅಂತ ಒಮ್ಮೆ ಕೂಗಿ ಹೇಳುತ್ತಾರೆ. ಆಮೇಲೆ ಅದನ್ನು ಬಿಚ್ಚಿ ಯಾರೂ ಎಣಿಸುವುದಿಲ್ಲ. ಎಣಿಸಿದರೆ ಕಟ್ಟಿದವರನ್ನು ಕಳ್ಳರು ಅಂದ ಹಾಗೆ. ಅಪ್ಪ ಇದೇ ನಿಯಮವನ್ನು ಮಕ್ಕಳಿಗೂ ಇಟ್ಟಿದ್ದ. ತಾಡಪಾಲಿಗೆ ಗಂಟು ಹಾಕುವುದು ದೊಡ್ಡವಳಾದ ನನ್ನ ಕೆಲಸ, ಒಳಗೆ ಕೂತಾಗಲೂ ಸಂದಿಯಿಂದ ಕೈ ಹೊರಗೆ ಹಾಕಿ ಕಟ್ಟುತ್ತಿದ್ದೆ. ಅಪ್ಪ ಸ್ಟೇರಿಂಗ್ ಹಿಡಿದು "ಎಷ್ಟವಾ?" ಅನ್ನುತ್ತಿದ್ದ. ಮುಂದೆ ಕೂರುವವರನ್ನೂ ಸೇರಿಸಿ ನಾನು "ಐದು" ಅನ್ನುತ್ತಿದ್ದೆ. ಗಾಡಿ ಹೊರಡುತ್ತಿತ್ತು.

ಆ ವರ್ಷ ನಿನಗೆ ಐದು, ನನಗೆ ಹನ್ನೊಂದು. ಪಾವಗಡ ದಾಟಿ ಹುಣಸೆ ತೋಪಿನಲ್ಲಿ ಬುತ್ತಿ ಬಿಚ್ಚಿದೆವು. ಮುಂದಿನ ಕಥೆ ನಮ್ಮ ಮನೆಯ ಮದುವೆ, ನಾಮಕರಣಗಳಲ್ಲೆಲ್ಲ ಹೇಳಿ ಹೇಳಿ ಸವೆದಿದೆ. ಗಂಟು ಕಟ್ಟಿದ ಮೇಲೆ ಸುಜಾತಾ ಗಾಡಿಯಿಂದ ನುಸುಳಿ ಕುರಿಮರಿಯ ಹಿಂದೆ ಹೋಗಿಬಿಟ್ಟಳು, ಗಾಡಿ ಮಡಕಶಿರಾ ಮುಟ್ಟುವ ತನಕ ಯಾರಿಗೂ ಗೊತ್ತಾಗಲಿಲ್ಲ. ಎಲ್ಲರಿಗಿಂತ ನೀನೇ ಚೆನ್ನಾಗಿ ನಟಿಸಿ ಹೇಳುತ್ತೀಯ. ಆ ಮರಿಯ ಕಿವಿ ಎಷ್ಟು ಮೆತ್ತಗಿತ್ತು ಅಂತ ಕೂಡ ಹೇಳುತ್ತೀಯ.

ನೀನು ಯಾವ ಕುರಿಮರಿಯ ಹಿಂದೆಯೂ ಹೋಗಲಿಲ್ಲ ಸುಜಿ. ಅದು ನಿನ್ನ ನೆನಪಲ್ಲ, ನನ್ನ ಸುಳ್ಳು.

ಕೊನೆಯ ಪಾಳಿ ಆ ಸಲ ನಿನ್ನದಾಗಿತ್ತು. ಊಟವಾದ ಮೇಲೆ ನೀನು ಆಚೆ ಮರದ ಬೇರಿನ ಮೇಲೆ ಕೂತಿದ್ದೆ. ಕರೆಯಲು ಬಂದ ನನ್ನನ್ನು ನೋಡಿ, ಈಗ ನಾನು ಮುಂದೆ ಅಲ್ವಾ ಅಕ್ಕ ಅಂತ ಕೇಳಿದೆ. ನನಗೆ ಹೊಟ್ಟೆ ಉರಿಯಿತು. ನಾನು ಹೇಳಿದೆ: ಹೌದು, ಇಲ್ಲೇ ಕೂತಿರು, ಅಪ್ಪ ಗಾಡಿ ತಿರುಗಿಸಿಕೊಂಡು ಬಂದು ನಿನ್ನನ್ನು ಹತ್ತಿಸಿಕೊಳ್ಳುತ್ತಾನೆ, ಎದ್ದೀಯಾ ಮತ್ತೆ. ಹೋಗಿ ಗಂಟು ಹಾಕಿದೆ. ಅಪ್ಪ ಕೇಳಿದ, ನಾನು ಐದು ಅಂದೆ. ಬಂದು ಮುಂದೆ ಕೂತೆ. ಸುಜಿಯ ಪಾಳಿಯಲ್ಲವೇ ಅಂತ ಅಪ್ಪ ಕೇಳಿದ್ದಕ್ಕೆ, ಅವಳು ಹಿಂದೆ ನಿದ್ದೆ ಹೋಗಿದ್ದಾಳೆ ಅಂದೆ.

ನನ್ನ ಲೆಕ್ಕ ಇಷ್ಟೇ. ಒಂದು ಫರ್ಲಾಂಗು ಹೋದ ಮೇಲೆ, ಅಯ್ಯೋ ಸುಜಿ ಉಳಿದಳು ಅಂತ ಹೇಳುವುದು. ಅಪ್ಪ ನಿನ್ನನ್ನು ಬೈದು ಹಿಂದೆ ಕೂರಿಸುತ್ತಾನೆ, ಸೀಟು ನನಗೇ ಉಳಿಯುತ್ತದೆ. ಆದರೆ ಅಪ್ಪ ಅವತ್ತು ಬಹಳ ಖುಷಿಯಾಗಿದ್ದ. ನೀನು ದೊಡ್ಡವಳಾದೆ ಕಣವಾ, ಬರೋ ವರ್ಷದಿಂದ ಕಟಿಂಗ್ ಕಲಿಸ್ತೀನಿ ಅಂತ ನನ್ನ ಜೊತೆ ದೊಡ್ಡವರ ಹಾಗೆ ಮಾತಾಡಿದ. ಒಂದು ಫರ್ಲಾಂಗು ಒಂದು ಮೈಲಿಯಾಯಿತು. ಮೈಲಿಯಾದ ಮೇಲೆ ಹೇಳಲು ಹೆದರಿಕೆಯಾಯಿತು. ಹಿಂದಿದ್ದ ಹುಡುಗರು ನಾವಿಬ್ಬರೂ ಮುಂದೆ ಕೂತಿದ್ದೇವೆ ಅಂದುಕೊಂಡಿದ್ದರು.

ಮಡಕಶಿರಾದ ಬೆಟ್ಟ ಕಾಣುವಾಗ ಮಾರೇಶ ನೀರಿಗೆ ಅಂತ ಒಳಗಿನಿಂದ ಬಡಿದ. ಅಪ್ಪ ಇಳಿದು ಗಂಟು ಬಿಚ್ಚಿದ. ಅವನ ಕೈ ಹಗ್ಗದ ಮೇಲೆಯೇ ನಿಂತುಹೋದದ್ದು ನನಗೆ ಈಗಲೂ ಕಾಣುತ್ತದೆ. ವಾಪಸ್ ಹೋಗುವಾಗ ಗಾಡಿಯ ಸದ್ದಿನ ನಡುವೆ ಅವನ ಬಾಯಲ್ಲಿ ದೇವರ ಹೆಸರು ಮಾತ್ರ ಕೇಳುತ್ತಿತ್ತು. ನಾನು ಅದೇ ಮುಂದಿನ ಸೀಟಿನಲ್ಲಿ ಕೂತಿದ್ದೆ.

ನೀನು ಅದೇ ಬೇರಿನ ಮೇಲೆ ಕೂತಿದ್ದೆ. ಒಂದೂವರೆ ಗಂಟೆ. ಪಕ್ಕದಲ್ಲಿ ಕುರಿ ಮೇಯಿಸುವ ಹೆಂಗಸು, ಕದರಮ್ಮ ಅಂತ, ನಿನಗೆ ಮಜ್ಜಿಗೆ ಕುಡಿಸುತ್ತಿದ್ದಳು. ಅವಳು ಅಪ್ಪನನ್ನು ಚೆನ್ನಾಗಿ ಬೈದಳು. "ಎಂಥ ಮಗ ಕಣಣ್ಣ ಇದು. ನೆಳ್ಳು ಸರಿದೈತೆ, ಬಿಸ್ಲು ಬಿದ್ದೈತೆ, ಈ ಕಡೆ ಬಾ ಅಂದ್ರೂ ಎದ್ದಿಲ್ಲ. ಅಕ್ಕ ಇಲ್ಲೇ ಕುಂತಿರು ಅಂದವಳೆ ಅಂತೈತೆ" ಅಂದಳು. ಅಪ್ಪ ನಿನ್ನನ್ನು ಎತ್ತಿಕೊಂಡು ಅಳುತ್ತಿದ್ದ, ಕೇಳಿಸಿಕೊಂಡನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಾನು ನಡುವೆ ಬಾಯಿ ಹಾಕಿ ಕುರಿಮರಿಯ ಕಥೆ ಕಟ್ಟಿದೆ. ಹೊರಗಿನಿಂದ ಹಾಕಿದ ಗಂಟು ಬಿಚ್ಚದೆ ಐದು ವರ್ಷದ ಮಗು ಹೇಗೆ ಇಳಿಯಿತು ಅಂತ ಯಾರೂ ಕೇಳಲಿಲ್ಲ.

ಅವತ್ತಿನಿಂದ ನೀನು ಕಾಲಿಗೆ ಚಕ್ರ ಕಟ್ಟಿಕೊಂಡವಳಾದೆ. ಜಾತ್ರೆ, ಸಂತೆ, ಸಿನಿಮಾ, ಎಲ್ಲಿ ಹೋದರೂ ಅಮ್ಮ ನಿನ್ನ ಫ್ರಾಕನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಮುಂದಿನ ಸೀಟು ನಿನಗೆ ಮತ್ತೆ ಸಿಗಲೇ ಇಲ್ಲ. ಯಾರಾದರೂ ಆ ಕಥೆ ತೆಗೆದರೆ ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಿನ್ನ ಕೈ ಮಾತ್ರ ಬಿಡಲಿಲ್ಲ. ನಿನ್ನ ಮದುವೆಯ ದಿನ ನೀನು ನಿಮ್ಮ ಅತ್ತೆಯವರಿಗೆ, ನಮ್ಮ ಅಕ್ಕ ಅಮ್ಮನಿಗಿಂತ ಹೆಚ್ಚು, ಒಂದು ದಿನ ನನ್ನ ಕೈ ಬಿಟ್ಟವಳಲ್ಲ ಅಂದೆಯಲ್ಲ, ಆಗ ನಾನು ಅಡುಗೆಮನೆಗೆ ಹೋಗಿ ಅತ್ತೆ. ಮೊದಲು ಅದು ಪ್ರೀತಿಯಾಗಿರಲಿಲ್ಲ, ಭಯವಾಗಿತ್ತು. ಯಾವಾಗ ಪ್ರೀತಿಯಾಯಿತೋ ನನಗೆ ತಿಳಿಯದು. ಆದದ್ದಂತೂ ನಿಜ.

ನಿನ್ನ ಕಾಲಿಗೆ ಏನೂ ಆಗಿಲ್ಲ. ನಿನ್ನ ಮಗಳ ಕಾಲಿಗೂ ಏನೂ ಆಗಿಲ್ಲ. ನಾಯಿಮರಿ ಕಂಡರೆ ಎಲ್ಲ ಮಕ್ಕಳೂ ನಿಲ್ಲುತ್ತವೆ. ನೀನು, ಅಕ್ಕ ಹೇಳಿದ ಜಾಗದಲ್ಲಿ ಬಿಸಿಲಲ್ಲೂ ಅಲುಗದೆ ಕೂತ ಮಗು. ದಯವಿಟ್ಟು ಇದನ್ನು ಮೋಕ್ಷಿಗೆ ಹೇಳು.

ಇಷ್ಟು ಓದಿದ ಮೇಲೆ ಅವಳನ್ನು ನನ್ನ ಗಾಡಿಗೆ ಹತ್ತಿಸಲು ನಿನಗೆ ಮನಸ್ಸು ಬರಲಿಕ್ಕಿಲ್ಲ. ಇಲ್ಲಿಯವರೆಗೆ ಮಗಳ ಮೇಲಿದ್ದ ಅನುಮಾನ ಈಗ ನನ್ನ ಮೇಲೆ ಬರುತ್ತದೆ, ಅದು ಇರಬೇಕಾದ ಜಾಗವೂ ಅದೇ. ಕಳಿಸದಿದ್ದರೆ ನಾನು ಮುನಿಸಿಕೊಳ್ಳುವುದಿಲ್ಲ. ಮೇ ಮೂರಕ್ಕೆ ನಿನ್ನ ಮನೆ ಮುಂದೆ ಗಾಡಿ ನಿಲ್ಲಿಸುತ್ತೇವೆ. ನೀನು ಬಾಗಿಲು ತೆಗೆದರೆ ಸಾಕು.

ನಿನ್ನ ಅಕ್ಕ,
ಪ್ರಸನ್ನಲಕ್ಷ್ಮಿ

ತಾ.ಕ.: ಕಾಗದ ಮಡಚುವ ಮುಂಚೆ ಅಮ್ಮನಿಗೆ ಓದಿ ಹೇಳಿದೆ. ಕಡಲೆಕಾಯಿ ಸುಲಿಯುತ್ತಿದ್ದವಳು ಕೊನೆಯವರೆಗೂ ಕೈ ನಿಲ್ಲಿಸಲಿಲ್ಲ. ಆಮೇಲೆ ಹೇಳಿದಳು: "ನಿಮ್ಮಪ್ಪಂಗೆ ಅವತ್ತೇ ಗೊತ್ತಾಗಿತ್ತು ಕಣೆ. ನನ್ ತಾವ ಹೇಳ್ಕಂಡು ಅತ್ರು. ಸಣ್ಣದು ನಾಳೆ ಮರೀತೈತೆ, ದೊಡ್ಡದುನ್ನ ಈಗ ಹಿಡ್ದು ಕೇಳಿದ್ರೆ ಅದು ಜನ್ಮದಲ್ಲಿ ತಲೆ ಎತ್ತಲ್ಲ ಅಂದ್ರು. ನಾನೂ ಹೂಂ ಅಂದೆ." ಇಬ್ಬರೂ ಸೇರಿ ನನ್ನನ್ನು ಉಳಿಸಿಕೊಂಡಿದ್ದಾರೆ ಸುಜಿ, ನಿನ್ನನ್ನು ಕೊಟ್ಟು. ಆಮೇಲೆ ಅಮ್ಮ ತಾನೇ ಪೆನ್ನು ತೆಗೆದುಕೊಂಡು, ಇದರಲ್ಲಿ ನನ್ನ ಹೆಸರೂ ಇರಲಿ ಅಂದಳು. ಅವಳಿಗೆ ಸಹಿ ಬರುವುದು ತೆಲುಗಿನಲ್ಲಿ ಮಾತ್ರ. ಈ ಸಾಲಿನ ಕೆಳಗೆ, ಕಾಗದ ಹರಿಯುವಷ್ಟು ಒತ್ತಿ ಬರೆದಿರುವುದು ಅಮ್ಮನೇ.